ಸ್ವಲ್ಪ ಕವರ್ ಮಾಡು

ತಂಗಿಯ ಮನೆ,
ಗುರುವಾರ ಮಧ್ಯಾಹ್ನ

ನಮ್ಮ ಮನೆಯವರು ಅನ್ನಿಸಿಕೊಂಡಿದ್ದವರಿಗೆ,

ನಮಸ್ಕಾರ. ನಾನು ಕ್ಷೇಮ. ನೀವು ಕ್ಷೇಮವಾಗಿದ್ದೀರೋ ಇಲ್ಲವೋ ಎಂದು ಕೇಳಬೇಕಾದ ಅಗತ್ಯವೇ ಇಲ್ಲ, ಕ್ಷೇಮವಾಗಿಲ್ಲದ ಮನುಷ್ಯನಿಗೆ ಒಂದು ಕಾಗದಕ್ಕೆ ಇಷ್ಟೊಂದು ಅಂಟು ಬಳಿಯುವ ಪುರುಸೊತ್ತು ಇರುವುದಿಲ್ಲ. ಕವರಿನ ಬಾಯಿಗೆ ಅಂಟು, ಅಂಟಿನ ಮೇಲೆ ಟೇಪು, ಟೇಪಿನ ಮೇಲೆ ಅಡ್ಡಡ್ಡಲಾಗಿ ನಿಮ್ಮ ಸಹಿ. ಬೆಳಿಗ್ಗೆ ಮಗಳು ಬಸ್ಸಿಳಿದು ಬಂದವಳೇ ಅದನ್ನು ಮೇಜಿನ ಮೇಲಿಟ್ಟು, ಅಪ್ಪ ನಿನ್ನ ಕೈಗೇ ಕೊಡು ಅಂದಿದ್ದಾರೆ, ನೀನು ಅವರ ಫೋನು ಎತ್ತುವುದಿಲ್ಲವಲ್ಲ, ಉತ್ತರವನ್ನೂ ಬರೆಸಿಕೊಂಡು ಬಾ ಅಂದಿದ್ದಾರೆ ಎಂದಳು. ಹೆತ್ತ ಮಗಳ ಕೈಯಲ್ಲಿ ಕಳಿಸುವ ಕಾಗದಕ್ಕೆ, ಅವಳು ದಾರಿಯಲ್ಲಿ ಬಿಚ್ಚಿ ಓದಿಬಿಟ್ಟಾಳು ಎಂದು ಸಹಿ ಹಾಕಿ ಬಂದೋಬಸ್ತು ಮಾಡುವ ಅಪ್ಪನನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಿಚ್ಚುವುದಕ್ಕೆ ತಂಗಿಯ ಅಡುಗೆಮನೆಯ ಚಾಕು ಬೇಕಾಯಿತು.

ಒಳಗಿದ್ದದ್ದು ಒಂದೇ ಹಾಳೆ. ಭಾನುವಾರ ಮಗಳನ್ನು ಮದುವೆಯಾಗುವ ಹುಡುಗನೂ ಅವನ ತಂದೆತಾಯಿಯೂ ಮನೆ ನೋಡಲು ಬರುತ್ತಾರೆ. ನೀನು ಶನಿವಾರವೇ ಬಂದುಬಿಡು. ನಿನ್ನ ಬಟ್ಟೆ ನಾಲ್ಕು ತಂದು ಹಿತ್ತಲಿನ ಹಗ್ಗದ ಮೇಲೆ ಹರವು, ಚಪ್ಪಲಿ ಒಂದು ಜೊತೆ ಬಾಗಿಲಲ್ಲಿ ಇರಲಿ, ಬಚ್ಚಲಲ್ಲಿ ನಿನ್ನ ಬಾಚಣಿಗೆ ಇರಲಿ. ಬಂದವರ ಎದುರಿಗೆ ನನ್ನನ್ನು ಸ್ವಲ್ಪ ನಗುನಗುತ್ತಾ ಮಾತಾಡಿಸು. ಸೋಫಾಕ್ಕೂ ಹೊಸ ಕವರ್ ಹಾಕಿಸಿದ್ದೇನೆ. ಎರಡು ಗಂಟೆ ಹೊತ್ತಿನ ಮಾತು, ಸ್ವಲ್ಪ ಕವರ್ ಮಾಡು. ಇಷ್ಟೇ. ಹೇಗಿದ್ದೀಯ ಎನ್ನುವ ಒಂದು ಪದ ಆ ಹಾಳೆಯಲ್ಲಿ ಎಲ್ಲೂ ಇಲ್ಲ. ಬಾಚಣಿಗೆಯ ನೆನಪಾಯಿತು, ಬಾಚಿಕೊಳ್ಳುವವಳ ನೆನಪಾಗಲಿಲ್ಲ.

ಕೊನೆಗೊಂದು ಗಾದೆ ಬೇರೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರೇ ಹೇಳಿದ್ದಾರಂತೆ. ಹಿರಿಯರು ಹೇಳಿದ ಮಾತುಗಳಲ್ಲಿ ನಿಮಗೆ ಬಾಯಿಪಾಠವಾದದ್ದು ಇದೊಂದೇ. ನಿಮ್ಮ ಮನೆಯಲ್ಲೇ ಇದ್ದ ಹಿರಿಯರು ಬದುಕಿರುವ ತನಕ ಹೇಳಿಕೊಟ್ಟದ್ದು ಯಾವುದೂ ನೆನಪಿಲ್ಲ.

ಕವರ್ ಅನ್ನುವ ಈ ಪದ ನಮ್ಮದಲ್ಲ. ಯಾವ ದೇಶದಿಂದ ಬಂತೋ, ಬಂದು ಮನೆಯಳಿಯನ ಹಾಗೆ ಕೂತುಬಿಟ್ಟಿತು. ಅಂಗಡಿಯವನು ಟೊಮೇಟೊ ತುಂಬಿಕೊಡುವುದೂ ಕವರು, ಕಾಗದ ಹಾಕುವುದೂ ಕವರು. ದಿಂಬಿಗೆ ಕವರು, ಫೋನಿಗೆ ಕವರು. ಮಗಳು ಶಾಲೆಗೆ ಹೋಗುವಾಗ ಪುಸ್ತಕಕ್ಕೆ ಕವರ್ ಹಾಕಿಲ್ಲ ಅಂತ ಅಳುತ್ತಿದ್ದಳು. ಅವಳ ಮೇಷ್ಟರು ವರ್ಷವೆಲ್ಲ ತೂಕಡಿಸಿ ಪರೀಕ್ಷೆಯ ಹಿಂದಿನ ವಾರ ಪಾಠಗಳನ್ನೆಲ್ಲ ಕವರ್ ಮಾಡುತ್ತಿದ್ದರು. ಕಚೇರಿಯಲ್ಲಿ ಫೈಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಬೇಕಾದರೆ ಒಂದು ಕವರು ಬೇಕು. ವಿಮೆಯವನು ಬಂದು ಬಿದ್ದರೆ ಕವರ್ ಆಗುತ್ತೆ, ಸುಟ್ಟರೆ ಕವರ್ ಆಗುತ್ತೆ, ಸತ್ತರಂತೂ ಪೂರ್ತಿ ಕವರ್ ಆಗುತ್ತೆ ಎಂದು ಸಂತೋಷದಿಂದ ಹೇಳಿ ಹೋದ. ನನ್ನ ತಂಗಿ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು; ಜೊತೆಯವಳಿಗೆ ಜ್ವರ ಬಂದರೆ ಅವಳ ಪಾಳಿಯನ್ನೂ ತಾನೇ ನೀರಿಗಿಳಿದು ಕವರ್ ಮಾಡುತ್ತಾಳೆ. ಆ ಪದಕ್ಕೆ ಮರ್ಯಾದೆಯ ಅರ್ಥ ಅಂತ ಇರುವುದು ಅದೊಂದೇ ಇರಬೇಕು.

ಇಷ್ಟೆಲ್ಲ ಇದ್ದರೂ ನಿಮಗೆ ಸಾಲಲಿಲ್ಲ. ಗಿರಾಕಿಗೆ ಹೇಳಿದ ದಿನಕ್ಕೆ ಕುರ್ಚಿ ಆಗಲಿಲ್ಲವೋ, ಕವರ್ ಮಾಡು. ಸ್ನೇಹಿತರ ಜೊತೆ ಕೂತು ಮನೆಗೆ ಬರುವುದು ತಡವಾಯಿತೋ, ಅಪ್ಪನಿಗೆ ಏನಾದರೂ ಹೇಳಿ ಕವರ್ ಮಾಡು. ನಿಮ್ಮ ಅಕ್ಕ ಫೋನು ಮಾಡಿದರೆ ಇಲ್ಲ ಅಂತ ಕವರ್ ಮಾಡು. ಆ ಪದವನ್ನು ಹುಟ್ಟಿಸಿದವರು ಕೂಡ ಅದರಿಂದ ಇಷ್ಟು ದುಡಿಮೆ ಮಾಡಿಸಿಕೊಂಡಿರಲಾರರು. ನೀವು ಜೀವನದಲ್ಲಿ ಮೈಮುರಿಯುವ ಹಾಗೆ ದುಡಿಸಿದ್ದು ಅಂದರೆ ಒಂದು ಆ ಪದವನ್ನು, ಇನ್ನೊಂದು ನನ್ನನ್ನು.

ಇದೆಲ್ಲ ನನಗೆ ಗೊತ್ತಿಲ್ಲವೇ, ಇವಳದೊಂದು ಪುರಾಣ ಎಂದು ನೀವು ಮೂಗು ಮುರಿಯುತ್ತಿರಬಹುದು. ಮುರಿಯಿರಿ. ಒಂದು ಸಲ ಎಲ್ಲವನ್ನೂ ಮೊದಲಿನಿಂದ ಸಾಲಾಗಿ ಬರೆದಿಡಬೇಕು ಅನ್ನಿಸಿದೆ, ಬರೆಯುತ್ತೇನೆ. ಮನೆಯಲ್ಲಿ ಯಾರೂ ಇಲ್ಲ. ಮಗಳು ಚಿಕ್ಕಮ್ಮನ ಜೊತೆ ಈಜುಕೊಳಕ್ಕೆ ಹೋಗಿದ್ದಾಳೆ, ನಾಲ್ಕರ ಹೊತ್ತಿಗೆ ಬಂದು ಐದರ ಬಸ್ಸಿಗೆ ನಿಮ್ಮಲ್ಲಿಗೆ ಹೊರಡುತ್ತಾಳೆ.

ಮಾವನವರು ಕವರ್ ಅನ್ನುತ್ತಿರಲಿಲ್ಲ. ಅವರ ಬಾಯಲ್ಲಿ ಅದು ಗವಸು. ದಿಂಬಿನ ಗವಸು, ಕುರ್ಚಿಯ ಗವಸು. ಸೋಫಾ ರಿಪೇರಿ ಅಂಗಡಿ ಇಟ್ಟಿದ್ದು ಅವರು, ಕಟ್ಟಿದ್ದು ಅವರು. ಅಂಗಡಿಗೆ ಒಂದು ಹಳೆಯ ಕುರ್ಚಿ ಬಂದರೆ ಮೊದಲ ದಿನ ಅವರು ಬಟ್ಟೆ ಅಳೆಯುತ್ತಲೇ ಇರಲಿಲ್ಲ. ಚಪ್ಪಟೆ ಉಳಿ ಹಿಡಿದು ಒಂದೊಂದೇ ಮೊಳೆ ಕೀಳುವುದು, ಹಳೆಯ ಬಟ್ಟೆ ಬಿಚ್ಚುವುದು, ಹತ್ತಿ ತೆಗೆಯುವುದು, ನಾರು ತೆಗೆಯುವುದು, ಸ್ಪ್ರಿಂಗು ಒತ್ತಿ ನೋಡುವುದು, ಕೊನೆಗೆ ಬರಿಯ ಮರದ ಚೌಕಟ್ಟು ಉಳಿದ ಮೇಲೆ ಅದನ್ನು ಅಲ್ಲಾಡಿಸಿ ಯಾವ ಕಾಲು ಕಿರುಗುಟ್ಟುತ್ತದೆ ಎಂದು ಕಿವಿಕೊಟ್ಟು ಕೇಳುವುದು. ಈ ಕೆಲಸ ಕಲಿಯಲು ಮಗನಿಗೆ ತಾಳ್ಮೆ ಇರಲಿಲ್ಲ, ಅದಕ್ಕೆ ಸೊಸೆಗೆ ಕಲಿಸಿದರು. ನಾನು ಮೊದಲ ಸಲ ಆತುರಪಟ್ಟು ಹಳೆಯ ಬಟ್ಟೆಯ ಮೇಲೇ ಹೊಸದನ್ನು ಎಳೆದು ನೋಡಿದಾಗ ಕೈ ಹಿಡಿದು, ಬಿಚ್ಚಿ ನೋಡದೆ ಹೊದಿಸಬಾರದು ಮಗಳೇ, ಒಳಗೆ ಏನಿದೆಯೋ ಅದೇ ಮೇಲೆ ಬರುತ್ತದೆ ಎಂದರು. ಸೊಸೆಯನ್ನು ಅವರು ಕರೆಯುತ್ತಿದ್ದದ್ದು ಹಾಗೆ.

ಧೂಳಿನಿಂದ ಅವರಿಗೆ ದಿನವೂ ಕೆಮ್ಮು. ಬಾಯಿಗೊಂದು ಬಟ್ಟೆ ಕಟ್ಟಿಕೊಳ್ಳಿ ಎಂದರೆ ಕೇಳುತ್ತಿರಲಿಲ್ಲ. ಮುಖದ ಮೇಲೆ ಬಟ್ಟೆ ಬಂದರೆ ಅವರಿಗೆ ಉಸಿರು ಕಟ್ಟುತ್ತಿತ್ತು. ಎಂಥ ಚಳಿಯಲ್ಲೂ ಹೊದಿಕೆ ಎದೆಯ ತನಕ ಮಾತ್ರ. ಜೀವನಪೂರ್ತಿ ಬೇರೆಯವರ ಕುರ್ಚಿಗೆ ಗವಸು ಹಾಕಿದ ಮನುಷ್ಯ ತನ್ನ ಮೂಗಿನ ಮೇಲೆ ಒಂದು ಕರವಸ್ತ್ರ ಸಹಿಸಲಿಲ್ಲ ಎಂದು ನಾವೆಲ್ಲ ನಗುತ್ತಿದ್ದೆವು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವರ ಕೈ ನಡುಗಲು ಶುರುವಾಗಿ ಅಂಗಡಿ ನಿಮ್ಮ ವಶಕ್ಕೆ ಬಂದದ್ದೇ ಬಂದದ್ದು, ಬಿಚ್ಚುವ ಕೆಲಸ ನಿಂತಿತು. ಬಿಚ್ಚುವುದಕ್ಕೆ ಎರಡು ದಿನ, ಹೊದಿಸುವುದಕ್ಕೆ ಅರ್ಧ ದಿನ. ಗಿರಾಕಿ ಒಳಗೆ ಕೈ ಹಾಕಿ ನೋಡುತ್ತಾನೆಯೇ ಎಂದು ನಿಮ್ಮ ವಾದ. ಹಳೆಯದರ ಮೇಲೆ ಒಂದು ಪದರ ಫೋಮು, ಅದರ ಮೇಲೆ ಹೊಸ ರೆಕ್ಸಿನು, ಹಿಂದಿನಿಂದ ಸ್ಟೇಪ್ಲರ್ ಗನ್ನಿನಲ್ಲಿ ಟಪಟಪ. ಮೇಲೆ ಥಳುಕು, ಒಳಗೆ ಹುಳುಕು. ಹಲ್ಲಿನ ಡಾಕ್ಟರ ಬೆಂಚು ನೆನಪಿದೆಯೇ? ಪೈಪು ಒಡೆದು ನೀರು ಕುಡಿದ ಬೆಂಚು. ಒಣಗಿಸದೆ ಹಾಗೇ ಹೊದಿಸಿ ಕಳಿಸಿದಿರಿ. ತಿಂಗಳಾಗುವುದರೊಳಗೆ ಹಲ್ಲುನೋವಿನವರೆಲ್ಲ ಬಾಯಿ ಬಿಟ್ಟು ಮೂಗು ಹಿಡಿದುಕೊಂಡು ಕೂರುವ ಹಾಗಾಯಿತು. ಆಗ ನೀವು ಡಾಕ್ಟರಿಗೆ ಹೇಳಿದ್ದೇನು? ಅದು ನನ್ನ ಹೆಂಡತಿ ಮಾಡಿದ ಕೆಲಸ, ಅವಳಿಗೆ ಅಷ್ಟು ಗೊತ್ತಾಗುವುದಿಲ್ಲ ಎಂದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀವು ನೆಲವನ್ನೂ ಬಿಟ್ಟು ಹೆಂಡತಿಯನ್ನೇ ಡೊಂಕು ಮಾಡಿದಿರಿ. ನಾನು ಆ ಬೆಂಚನ್ನು ವಾಪಸ್ಸು ತರಿಸಿ, ಬಿಚ್ಚಿ, ಬೂಸಲು ಹಿಡಿದ ಫೋಮನ್ನು ಎರಡು ಚೀಲ ತುಂಬಿ ಎಸೆದು, ಹೊಸದಾಗಿ ಮಾಡಿಕೊಟ್ಟೆ. ಮಾವನವರು ಮೂಲೆಯಲ್ಲಿ ಕೂತು ನೋಡುತ್ತಿದ್ದರು.

ಅಂಗಡಿಯ ಮಾತು ಹಾಗಿರಲಿ, ಮನೆಯ ಮುಂದಿನ ಕೋಣೆಯ ಸೋಫಾ ನೋಡಿ. ಅದು ಮಾವನವರು ತಮ್ಮ ಕೈಯಾರೆ ಮಾಡಿದ್ದು, ಮೂರು ಜನ ಆರಾಮಾಗಿ ಕೂರುತ್ತಿದ್ದ ಸೋಫಾ. ಹಸಿರು ಮಾಸಿತು ಅಂತ ಹಸಿರಿನ ಮೇಲೆ ಕಂದು ಹಾಕಿದಿರಿ. ಕಂದು ಹರಿಯಿತು ಅಂತ ಅದರ ಮೇಲೆ ಹೂವಿನದು. ಅದರ ಮೇಲೆ ಕೆಂಪು ಮಖಮಲ್ಲು. ಪ್ರತಿ ಸಲವೂ ಒಂದು ಪದರ ಫೋಮು. ಅದರ ಎರಡು ಕೈಗಳೂ ಬಾಣಂತಿಯ ದಿಂಬಿನ ಹಾಗೆ ಊದಿಕೊಂಡು ಈಗ ಅಲ್ಲಿ ಕೂರಲು ಇರುವುದು ಎರಡೂವರೆ ಜನರ ಜಾಗ. ನಡುವೆ ಕೂತವರು ಎದ್ದೇಳಬೇಕಾದರೆ ಇಬ್ಬರು ಕೈ ಕೊಟ್ಟು ಎಳೆಯಬೇಕು. ಬಣ್ಣ ಬಳಿಯುವ ದಿನ ಅದನ್ನು ಹೊರಗಿಡೋಣ ಎಂದು ಎತ್ತಿದರೆ ಬಾಗಿಲಲ್ಲಿ ತೂರಲೇ ಇಲ್ಲ, ನೆನಪಿದೆಯೇ? ಮಾವನವರು ಆ ದಿನ ಕೆಮ್ಮು ಬರುವಷ್ಟು ನಕ್ಕರು. ಒಳಗೆ ಬಂದ ಸೋಫಾ ಹೊರಗೆ ಹೋಗಲಾರದಂತೆ ಮಾಡಿದ ಕಸುಬುದಾರ ಈ ಭೂಮಿಯ ಮೇಲೆ ನೀವೊಬ್ಬರೇ. ಈಗ ಅದರ ಮೇಲೆ ಮತ್ತೊಂದು ಕವರು ಹಾಕಿದ್ದೀರಿ. ಹುಡುಗನ ತಂದೆ, ತಾಯಿ, ಹುಡುಗ, ಮೂವರು ಬರುತ್ತಾರೆ. ಯಾರನ್ನು ಮಡಿಲಲ್ಲಿ ಕೂರಿಸುತ್ತೀರಿ?

ನಾನು ಮನೆ ಬಿಟ್ಟು ಬಂದದ್ದನ್ನೂ ಕವರ್ ಮಾಡದೆ ಬಿಡಲಿಲ್ಲ. ತಂಗಿಗೆ ಕಾಯಿಲೆ, ನೋಡಿಕೊಳ್ಳಲು ಹೋಗಿದ್ದಾಳೆ ಎಂದು ಬೀದಿಗೆಲ್ಲ ಹೇಳಿದಿರಿ. ಯಾವ ಕಾಯಿಲೆ ಎಂದು ಯಾರೋ ಕೇಳಿದರಂತೆ, ಎದ್ದು ಓಡಾಡುವ ಹಾಗಿಲ್ಲ ಎಂದಿರಂತೆ. ನಿಮ್ಮ ಅಂಗಡಿಯ ಪಕ್ಕದ ಬೀಗ ರಿಪೇರಿಯವರು, ಪಾಪ ಒಳ್ಳೆಯ ಮನುಷ್ಯ, ಹೆಂಡತಿಯನ್ನೂ ಕರೆದುಕೊಂಡು, ಒಂದು ಕವರಿನ ತುಂಬ ಹಣ್ಣು ತುಂಬಿಕೊಂಡು ನನ್ನ ತಂಗಿಯನ್ನು ನೋಡಲು ಬಂದರು. ಇವಳು ಏಣಿಯ ಮೇಲೆ ನಿಂತು ಸೂರಿಗೆ ಸುಣ್ಣ ಹೊಡೆಯುತ್ತಿದ್ದಳು. ಅವರು ಕೆಳಗೆ ನಿಂತು, ಕಾಯಿಲೆಯವರು ಎಲ್ಲಿ ಮಲಗಿದ್ದಾರೆ ಎಂದು ಇವಳನ್ನೇ ಕೇಳಿದರು. ಇವಳು ಇಳಿದು ಬಂದು ಹಣ್ಣು ಈಸಿಕೊಂಡು, ಕಾಯಿಲೆಯವರು ನಿಮ್ಮ ಅಂಗಡಿಯ ಪಕ್ಕದಲ್ಲೇ ಇದ್ದಾರೆ ಎಂದಳು. ನಿಮ್ಮ ಸುಳ್ಳಿನಿಂದ ಯಾರಿಗಾದರೂ ಲಾಭವಾಗಿದ್ದರೆ ಆ ಹಣ್ಣು ತಿಂದ ನಮಗೆ.

ಇಲ್ಲಿಯವರೆಗೆ ನಗುತ್ತಾ ಬರೆದೆ. ಇನ್ನು ಮುಂದಿನದನ್ನು ನಗುತ್ತಾ ಬರೆಯಲು ಬರುವುದಿಲ್ಲ.

ಸಭಾಭವನದ ಕುರ್ಚಿಗಳ ದಿನ. ಸಂಜೆ ದೊಡ್ಡ ಸಮಾರಂಭ, ಅಷ್ಟೂ ಕುರ್ಚಿಗೆ ಬಿಳಿಯ ಕವರು ತೊಡಿಸಿ ಬೆನ್ನಿಗೆ ನೀಲಿ ಪಟ್ಟಿಯ ಗಂಟು ಕಟ್ಟಿಕೊಡುವ ಕೆಲಸ. ನಮ್ಮ ಅಂಗಡಿಗೆ ಅಷ್ಟು ದೊಡ್ಡ ಕೆಲಸ ಅದೇ ಮೊದಲು. ನಾನು ನಸುಕಿನಲ್ಲೇ ಎದ್ದು ಅಡುಗೆ ಮಾಡಿಟ್ಟು, ಮಾವನವರಿಗೆ ಹೊದಿಕೆ ಸರಿಮಾಡಿ, ಹೋಗಿಬರುತ್ತೇನೆ ಎಂದೆ. ಅವರು ಕಣ್ಣು ಬಿಟ್ಟು, ಗಂಟು ಸಡಿಲ ಕಟ್ಟು, ಕೂತವರಿಗೆ ಬೆನ್ನಿಗೆ ಒತ್ತುತ್ತದೆ ಎಂದರು. ನಾನು ಅವರ ಬಾಯಿಂದ ಕೇಳಿದ ಕೊನೆಯ ಮಾತು ಅದು. ನೀವು ಅವರಿಗೆ ತಿಂಡಿ ಕೊಟ್ಟು ಆಮೇಲೆ ಬರುವುದು ಎಂದು ಮಾತಾಗಿತ್ತು. ಬಂದಿರಿ. ಬಂದು, ದೇವರೇ, ಎಂಥ ಕೆಲಸ ಮಾಡಿದಿರಿ ಆ ದಿನ! ಯಾವತ್ತೂ ಸೂಜಿ ಎತ್ತಿ ಕೊಡದ ಮನುಷ್ಯ ನನಗಿಂತ ಬೇಗ ಬೇಗ ಗಂಟು ಕಟ್ಟುತ್ತಿದ್ದೀರಲ್ಲ ಎಂದು ನನಗೆ ಆಶ್ಚರ್ಯ. ಮಾವ ಎದ್ದರಾ ಎಂದೆ. ಮಲಗಿದ್ದಾರೆ ಎಂದಿರಿ.

ಮಧ್ಯಾಹ್ನ ನಾನೇ ನಿಮ್ಮನ್ನು ಮನೆಗೆ ಕಳಿಸಿದೆ, ಅವರಿಗೆ ಊಟ ಬಡಿಸಿ ಬನ್ನಿ ಎಂದು. ಹೋಗಿ ಬಂದಿರಿ. ಉಂಡು ಮಲಗಿದರು ಎಂದಿರಿ. ಅಷ್ಟರಲ್ಲಿ ಅವಳು ಕೆಲಸ ಮಾಡುವ ಊರಿನಿಂದ ಮಗಳ ಫೋನು ಬಂತು. ಅವಳು ಆಗಿನ್ನೂ ಕಣ್ಣಾಸ್ಪತ್ರೆಯ ಕೆಲಸಕ್ಕೆ ಹೊಸದಾಗಿ ಸೇರಿದ್ದಳು. ಮಧ್ಯಾಹ್ನದ ಮೇಲೆ ರಜೆ ಸಿಕ್ಕಿದೆ, ಎರಡರ ಬಸ್ಸಿಗೆ ಬರಲೇ, ಅಜ್ಜನನ್ನು ನೋಡಬೇಕು ಅನ್ನಿಸುತ್ತಿದೆ ಎಂದಳಂತೆ. ನೀವು ನನ್ನ ಎದುರಿಗೇ ನಿಂತು ಹೇಳಿದಿರಿ, ಅವಸರ ಬೇಡ, ಅಜ್ಜ ಚೆನ್ನಾಗಿದ್ದಾರೆ, ಈಗಷ್ಟೇ ಉಂಡು ಮಲಗಿದ್ದಾರೆ, ಭಾನುವಾರ ಬಾ ಎಂದು. ಫೋನು ಜೇಬಿಗೆ ಹಾಕಿ ಮತ್ತೆ ಗಂಟು ಕಟ್ಟಲು ಕೂತಿರಿ.

ಸಂಜೆ ಮನೆಗೆ ಬಂದಾಗ ಬೀಗ ತೆಗೆದವರು ನೀವು. ನೀವೇ ಮೊದಲು ಒಳಗೆ ಹೋದಿರಿ, ಅಪ್ಪಾ ಎಂದು ಬೀದಿಯೆಲ್ಲ ಕೇಳುವ ಹಾಗೆ ಕೂಗಿದಿರಿ. ಅಕ್ಕಪಕ್ಕದವರು ಓಡಿ ಬಂದರು. ನಾನು ಹೋಗಿ ನೋಡಿದರೆ ಹೊದಿಕೆ ತಲೆಯ ತನಕ ಎಳೆದಿತ್ತು. ಮುಖದ ಮೇಲೆ. ಆ ಮನುಷ್ಯನ ಮುಖದ ಮೇಲೆ. ಯಾವ ನಿದ್ದೆಯಲ್ಲೂ ಅವರು ತಾವಾಗಿ ಹಾಗೆ ಎಳೆದುಕೊಳ್ಳುವವರಲ್ಲ. ನಾನು ಸರಿಸಿ ಕೈ ಮುಟ್ಟಿದೆ, ಮರದ ಹಾಗೆ ಬಿಗಿದಿತ್ತು. ಆ ಕ್ಷಣವೇ ನನಗೆ ಗೊತ್ತಾಯಿತು, ಅವರು ಹೋಗಿ ಬಹಳ ಹೊತ್ತಾಗಿದೆ ಎಂದು. ಅಡುಗೆಮನೆಗೆ ನೀರು ತರಲು ಹೋದೆ. ಅವರ ಊಟದ ತಟ್ಟೆ ತೊಳೆದು ಕವುಚಿ ಇಟ್ಟಿತ್ತು. ಜನ್ಮದಲ್ಲಿ ತಟ್ಟೆ ತೊಳೆಯದ ನೀವು ಆ ದಿನ ತಟ್ಟೆ ತೊಳೆದಿಟ್ಟಿದ್ದಿರಿ. ಪಾತ್ರೆಯಲ್ಲಿ ಅವರ ಪಾಲಿನ ಊಟ ಇರಲಿಲ್ಲ. ಆ ಊಟ ಎಲ್ಲಿ ಹೋಯಿತು ಎಂದು ನಾನು ಇವತ್ತಿನ ತನಕ ಕೇಳಿಲ್ಲ.

ಜನರೆಲ್ಲ ಬಂದು ಹೋದ ಮೇಲೆ, ಅಂಗಡಿಯಲ್ಲಿ ನಾವಿಬ್ಬರೇ ಇದ್ದಾಗ ಒಂದೇ ಒಂದು ಪ್ರಶ್ನೆ ಕೇಳಿದೆ, ಯಾವಾಗ ಹೋದರು ಎಂದು. ನೀವು ಕತ್ತರಿ ಹುಡುಕುವ ಹಾಗೆ ಅತ್ತ ತಿರುಗಿಕೊಂಡು ಕೊಟ್ಟ ಉತ್ತರ ನನಗೆ ಅಕ್ಷರ ಬಿಡದೆ ನೆನಪಿದೆ.

"ಬೆಳಿಗ್ಗೆ ನಾನು ತಿಂಡಿ ಕೊಡೋಕೆ ಹೋದಾಗ್ಲೇ ಹೋಗಿದ್ರು ಕಣೇ. ಹೇಳಿದ್ರೆ ಕೆಲ್ಸ ಅರ್ಧಕ್ಕೆ ನಿಲ್ತಿತ್ತು. ನಿಂಗೂ ಬೇಜಾರಾಗ್ತಿತ್ತು. ಹೋದವ್ರು ಎಲ್ಲಿಗ್ ಹೋಗ್ತಾರೆ, ಸಂಜೆ ತನ್ಕ ಕವರ್ ಮಾಡ್ದೆ, ಅಷ್ಟೇ."

ಅಷ್ಟೇ ಅಂತೆ. ಹೆತ್ತ ಅಪ್ಪ ತಣ್ಣಗಾಗಿ ಮಲಗಿದ್ದಾರೆ, ಮಗ ಕುರ್ಚಿಗಳ ಬೆನ್ನಿಗೆ ಗಂಟು ಕಟ್ಟುತ್ತಿದ್ದಾನೆ. ಅವರು ಹೇಳಿದ್ದರಲ್ಲ ಎಂದು ನಾನು ಆ ದಿನ ಒಂದೊಂದು ಗಂಟನ್ನೂ ಸಡಿಲವಾಗಿ ಕಟ್ಟಿದೆ. ಹೇಳಿದವರು ಇಲ್ಲ ಎಂದು ಗೊತ್ತಿದ್ದ ನೀವು ಪಕ್ಕದಲ್ಲೇ ನಿಂತು ನೋಡಿದಿರಿ. ನೀವು ಕುಡಿದಿದ್ದರೆ ಕ್ಷಮಿಸುತ್ತಿದ್ದೆ, ಹೊಡೆದಿದ್ದರೆ ತಿರುಗಿ ಹೊಡೆಯುತ್ತಿದ್ದೆ. ಇದಕ್ಕೆ ಏನು ಮಾಡಬೇಕು ಎಂದು ನನಗೆ ಗೊತ್ತಾಗಲಿಲ್ಲ. ಮರುದಿನ ಮಾವನವರ ಚಪ್ಪಟೆ ಉಳಿಯೊಂದನ್ನು ತೆಗೆದುಕೊಂಡು ತಂಗಿಯ ಮನೆಗೆ ಬಂದೆ. ಅಸಹ್ಯ ಅನ್ನುವ ಪದ ನಮ್ಮದೇ, ಅದಕ್ಕೆ ಇರುವುದು ಒಂದೇ ಅರ್ಥ.

ಈಗ ಮಗಳ ಮಾತು. ನಾನು ಯಾಕೆ ಬಂದೆ ಎಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಅಜ್ಜ ಸಂಜೆ ಹೋದರು ಎಂದೇ ನಂಬಿದ್ದಾಳೆ, ಊರೆಲ್ಲ ನಂಬಿದ ಹಾಗೆ. ನೀವು ಕಾಲು ಹಿಡಿಯುವುದೊಂದು ಬಾಕಿ, ಅವಳಿಗೆ ಮಾತ್ರ ಹೇಳಬೇಡ ಎಂದಿರಿ. ಅಜ್ಜನನ್ನು ಕಳೆದುಕೊಂಡ ಮಗು, ಅಪ್ಪನನ್ನೂ ಕಳೆದುಕೊಳ್ಳುವುದು ಬೇಡ ಎಂದು ನಾನೂ ಸುಮ್ಮನಾದೆ. ಅದಕ್ಕೆ ಪ್ರತಿಯಾಗಿ ಸಿಕ್ಕಿದ್ದೇನು? ಅಜ್ಜ ಹೋದ ದುಃಖದಲ್ಲಿರುವ ಅಪ್ಪನನ್ನು ಒಬ್ಬರನ್ನೇ ಬಿಟ್ಟು ಬಂದೆಯಲ್ಲ, ನಿನಗೆ ಕರುಳಿಲ್ಲವೇ ಎಂದು ಅವಳು ನನ್ನನ್ನು ಕೇಳಿದಳು. ಆಮೇಲೆ ಬಹಳ ದಿನ ಫೋನು ಮಾಡಲಿಲ್ಲ. ನಾನು ಬಾಯಿ ಹೊಲಿದುಕೊಂಡು ಕೂತೆ. ನೀವು ಅಂಗಡಿಯಲ್ಲಿ ಮಾಡಿದ ಕವರುಗಳೆಲ್ಲ ಒಂದು ವರ್ಷಕ್ಕೆ ಹರಿದುಹೋದವು. ಇಷ್ಟು ದಿನ ಹರಿಯದೆ ನಿಂತ ಕವರು ನಾನೊಬ್ಬಳೇ.

ಇವತ್ತು ಬೆಳಿಗ್ಗೆ ತಿಂಡಿಗೆ ಕೂತಾಗ ಭಾನುವಾರದ ಮಾತು ಬಂತು. ಹುಡುಗ ಒಳ್ಳೆಯವನು ಎಂದು ಕಾಣುತ್ತದೆ, ಅದೇ ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿ ಕೆಲಸ, ನಾವು ಬೇರೆ ಇರುವುದು ಅವನಿಗೆ ಗೊತ್ತಂತೆ, ಅವನ ತಂದೆತಾಯಿಗೆ ಗೊತ್ತಿಲ್ಲವಂತೆ. ಒಂದು ದಿನ ತಾನೇ ಅಮ್ಮ ಎಂದಳು. ನಾನು ನೋಡೋಣ ಎಂದೆ. ಮದುವೆ ದೊಡ್ಡದಾಗಿ ಬೇಡ, ನಾಲ್ಕು ಜನ ಸಾಕು ಎಂದಳು. ಯಾಕೆ ಎಂದೆ. ತಟ್ಟೆಯಲ್ಲಿ ಬೆರಳಾಡಿಸುತ್ತಾ ಹೇಳಿದಳು.

"ಅಜ್ಜ ಸಂಜೆ ತನ್ಕ ಇದ್ರಲ್ಲಮ್ಮ. ನಾನು ಎರಡರ ಬಸ್ಸಿಗೆ ಬಂದಿದ್ರೆ ಸಿಗ್ತಿದ್ರು. ರಜೆ ಇದ್ರೂ ರೂಮಲ್ಲಿ ಮಲ್ಕೊಂಡೆ. ಅವ್ರು ಒಬ್ರೇ ಬಾಗ್ಲು ನೋಡ್ಕೊಂಡು ಹೋದ್ರು."

ಓದಿದಿರಾ? ಇನ್ನೊಮ್ಮೆ ಓದಿ. ಬಸ್ಸಿಗೆ ಬರಬೇಡ ಎಂದು ತಡೆದವರು ನೀವು. ಬರಲಿಲ್ಲ ಎಂದು ತನ್ನನ್ನು ತಾನೇ ತಿನ್ನುತ್ತಿರುವವಳು ಅವಳು. ಅಪ್ಪ ಬೇಡ ಅಂದರು ಎಂದು ಕೂಡ ಹೇಳಲಿಲ್ಲ ನೋಡಿ, ನಿಮ್ಮ ಮೇಲೆ ಒಂದು ಗೀರು ಬೀಳದ ಹಾಗೆ ತಪ್ಪನ್ನೆಲ್ಲ ತನ್ನ ಮೇಲೇ ಎಳೆದುಕೊಂಡಿದ್ದಾಳೆ. ಬೂದಿ ಮುಚ್ಚಿದ ಕೆಂಡವನ್ನು ಮಗುವಿನ ಮಡಿಲಲ್ಲಿಟ್ಟು ನಾವಿಬ್ಬರೂ ಒಳ್ಳೆಯ ತಂದೆತಾಯಿ ಎಂದುಕೊಂಡು ಕೂತಿದ್ದೆವು. ಆಗಲೂ ನಾನು ಬಾಯಿ ಬಿಡಲಿಲ್ಲ. ಎದ್ದು ಹೋಗಿ ನಲ್ಲಿ ಬಿಟ್ಟುಕೊಂಡು ತೊಳೆದ ಲೋಟವನ್ನೇ ತೊಳೆದೆ. ಅಭ್ಯಾಸ ನೋಡಿ, ಅಷ್ಟು ವರ್ಷ ನಿಮ್ಮ ಕೈಯಲ್ಲಿ ಪಳಗಿದವಳು. ಅವಳು ಈಜುಕೊಳಕ್ಕೆ ಹೊರಟ ಮೇಲೆ ನಿಮ್ಮ ಕವರು ಬಿಚ್ಚಿದೆ. ಸ್ವಲ್ಪ ಕವರ್ ಮಾಡು ಎಂದಿತ್ತು.

ಸರಿ, ನಿಮ್ಮ ಪ್ರಶ್ನೆಗೆ ಉತ್ತರ. ಭಾನುವಾರ ಬರುತ್ತೇನೆ. ಶನಿವಾರವಲ್ಲ, ಭಾನುವಾರ ಬೆಳಿಗ್ಗೆ. ಬಾಚಣಿಗೆ ತರುವುದಿಲ್ಲ, ಹಗ್ಗದ ಮೇಲೆ ಹರವಲು ಬಟ್ಟೆ ತರುವುದಿಲ್ಲ. ಮಾವನವರ ಉಳಿ ತರುತ್ತೇನೆ. ಬಂದ ಕೂಡಲೇ ಸೋಫಾ ಬಿಚ್ಚುತ್ತೇನೆ. ನಿಮ್ಮ ಹೊಸ ಕವರು, ಅದರ ಕೆಳಗಿನ ಕೆಂಪು, ಹೂವಿನದು, ಕಂದು, ಹಸಿರು, ಎಲ್ಲ. ಅಡ್ಡ ಬಂದರೆ ಬೀದಿಗೆ ಕೇಳುವ ಹಾಗೆ ಕೂಗುವುದು ನನಗೂ ಬರುತ್ತದೆ, ನಿಮ್ಮನ್ನು ನೋಡಿ ಕಲಿತಿದ್ದೇನೆ. ಮಾವನವರು ಕೂರಿಸಿದ ಮರದ ಮೇಲೆ ಒಂದು ದಪ್ಪ ಜಮಖಾನ ಹಾಸಿದರೆ ಮೂರು ಜನ ಧಾರಾಳವಾಗಿ ಕೂರುತ್ತಾರೆ. ಹುಡುಗನ ತಾಯಿ ಏನು ಕೇಳುತ್ತಾರೋ ಅದಕ್ಕೆ ಉತ್ತರ ಹೇಳುತ್ತೇನೆ. ತಂಗಿ ಕಲ್ಲುಗುಂಡಿನ ಹಾಗಿದ್ದಾಳೆ ಎಂದು ಹೇಳುತ್ತೇನೆ. ನಾವು ಬೇರೆ ಇದ್ದೇವೆ ಎಂದು ಹೇಳುತ್ತೇನೆ. ನಮ್ಮ ಮಗಳು ನಮ್ಮಿಬ್ಬರಿಗಿಂತ ಒಳ್ಳೆಯವಳು, ಅವಳ ಅಜ್ಜನ ಮೇಲೆ ಹೋಗಿದ್ದಾಳೆ ಎಂದೂ ಹೇಳುತ್ತೇನೆ. ಇಷ್ಟು ಕೇಳಿ ಎದ್ದು ಹೋಗುವ ಮನೆಯಾದರೆ ಹೋಗಲಿ. ನನ್ನ ಕಾಲು ಹಾಕಿ ಬಾಗಿಲು ತಡೆಯುವುದಿಲ್ಲ.

ನೀವು ನಗುನಗುತ್ತಾ ಇರಬೇಕೋ ಬೇಡವೋ ನಿಮಗೆ ಬಿಟ್ಟದ್ದು. ನಾನಂತೂ ಎರಡು ಗಂಟೆ ಹೊತ್ತು ನಿಮ್ಮನ್ನು ನೋಡಿ ನಗಲಾರೆ, ಅಷ್ಟು ಸಂಬಳ ಯಾರೂ ಕೊಟ್ಟಿಲ್ಲ.

ಇತಿ,
ನಿಮ್ಮ ಮಗಳ ತಾಯಿ,
ನಿಮ್ಮ ಅಪ್ಪನ ಶಿಷ್ಯೆ

ತಾ.ಕ.: ಈ ಕಾಗದಕ್ಕೆ ಕವರು ಇಲ್ಲ ಎಂದು ನೀವು ಆಗಲೇ ಗಮನಿಸಿರಬೇಕು. ಅಂಟೂ ಇಲ್ಲ, ಟೇಪೂ ಇಲ್ಲ. ನಾಲ್ಕು ಮಡಿಕೆ ಮಾಡಿ ಮಗಳ ಕೈಗೆ ಕೊಡುತ್ತಿದ್ದೇನೆ. ಬಸ್ಸು ಹತ್ತಿ ಕೂತ ಮೇಲೆ ಮೊದಲು ನೀನು ಓದು, ಆಮೇಲೆ ಅಪ್ಪನಿಗೆ ಕೊಡು ಎಂದು ಹೇಳುತ್ತೇನೆ. ಅಜ್ಜ ಬಾಗಿಲು ನೋಡಿಕೊಂಡು ಹೋಗಲಿಲ್ಲ ಮಗಳೇ, ನೀನು ಎರಡರ ಬಸ್ಸಿಗಲ್ಲ, ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದರೂ ಸಿಗುತ್ತಿರಲಿಲ್ಲ, ಇದು ನಿನಗೆ. ಇನ್ನು ನಿಮಗೆ: ನೀವು ಇಲ್ಲಿಯವರೆಗೆ ಓದುವ ಹೊತ್ತಿಗೆ ಅವಳು ನಿಮ್ಮ ಎದುರಿಗೇ ನಿಂತಿರುತ್ತಾಳೆ. ಆ ದಿನದ ಊಟ ಎಲ್ಲಿ ಹೋಯಿತು ಎಂದು ನಾನು ಕೇಳಲಿಲ್ಲ, ಅವಳು ಕೇಳುತ್ತಾಳೆ. ತಲೆ ಎತ್ತಿ, ಅವಳ ಮುಖ ನೋಡಿ ಹೇಳಿ.